ಗಾಜಿನ ಪೆಟ್ಟಿಗೆಯೊಳಗೆ ನನ್ನ ಬೇಸಾಯ

ಆಗ ನನಗೆ ಮೂವತ್ತೊಂಬತ್ತು ವರ್ಷ. ಈಗ ಎಪ್ಪತ್ತು ದಾಟಿದೆ. ಅಲ್ಲಿಗೆ ಮೂವತ್ತು ವರ್ಷಕ್ಕೂ ಮೇಲಾಯಿತು. ಚನ್ನರಾಯಪಟ್ಟಣದ ನಮ್ಮ ಬೀದಿಗೆ ಕರೆಂಟಿನ ಕಂಬ ಬಂದಿತ್ತು, ನಮ್ಮ ಮನೆಯೊಳಕ್ಕೆ ಇನ್ನೂ ಬಂದಿರಲಿಲ್ಲ.

ನಾನು ಓದಿದ್ದು ಎರಡನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಆದರೆ ಮಣ್ಣು, ನೀರು, ಗೊಬ್ಬರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನಾನು ನೆಟ್ಟ ತೆಂಗಿನ ಸಸಿ ಒಂದೂ ಒಣಗಿದ್ದಿಲ್ಲ. ನಮ್ಮ ಹಿತ್ತಲಿನ ಅವರೆ ಚಪ್ಪರ ನೋಡಿ ಹೊಟ್ಟೆ ಉರಿದುಕೊಂಡವರು ಬೀದಿ ತುಂಬಾ ಇದ್ದರು. ಇಂಥ ನನಗೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ನಾಲ್ಕು ನೀರುಗಿಡ, ಒಂದು ಹಿಡಿ ಸೀಗಡಿ ನೋಡಿಕೊಳ್ಳುವುದು ಏನು ಮಹಾ ಅಂದುಕೊಂಡೆ.

ಆ ಪೆಟ್ಟಿಗೆ ನಮ್ಮದಲ್ಲ. ಅಳಿಯನಾಗಬೇಕಾಗಿದ್ದ ಹುಡುಗ ಪುಟ್ಟಸ್ವಾಮಿಯದು. ಅವನು ಹಾಸನದಲ್ಲಿ ಕಾಲೇಜು ಮೇಷ್ಟರು, ಪ್ರಾಣಿಗಳ ವಿಚಾರ ಪಾಠ ಹೇಳುತ್ತಿದ್ದ. ನಮ್ಮ ಮಗಳು ಸರೋಜಳಿಗೂ ಅವನಿಗೂ ಎಲೆ ಅಡಿಕೆ ಬದಲಾಯಿಸಿಕೊಂಡಾಗಿತ್ತು, ಲಗ್ನದ ದಿನ ಮಾತ್ರ ಗೊತ್ತಾಗಬೇಕಿತ್ತು. ಅಷ್ಟರಲ್ಲಿ ಅವನನ್ನು ಏನೋ ತರಬೇತಿ ಅಂತ ಮೈಸೂರಿಗೆ ಕಳಿಸಿದರು. ಬಾಡಿಗೆ ಕೋಣೆ ಬಿಡಬೇಕು, ಪೆಟ್ಟಿಗೆ ಎಲ್ಲಿಡುವುದು? ಅವನ ಊರು ಅರಕಲಗೂಡಿನಾಚೆ, ಕಡೆಯ ಒಂದಷ್ಟು ದೂರ ಗಾಡಿ ಜಾಡೇ ಗತಿ, ಗಾಜು ಉಳಿಯುವುದಿಲ್ಲ. ನಮ್ಮ ಯಜಮಾನರು ತೆಂಗಿನಕಾಯಿ ವ್ಯಾಪಾರದವರು. ಹಾಸನದಿಂದ ಬರಿದಾಗಿ ಬರುತ್ತಿದ್ದ ಕಾಯಿ ಲಾರಿಯಲ್ಲಿ ಹುಲ್ಲು ಹಾಸಿ ಅದನ್ನು ನಮ್ಮ ಮನೆಗೆ ತರಿಸಿಬಿಟ್ಟರು.

ಇದರಲ್ಲಿ ನಗುವ ವಿಷಯ ಇರಲಿಲ್ಲ. ಸರೋಜಳಿಗೆ ಇಪ್ಪತ್ತೆರಡು ತುಂಬಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ ಅಂತ ಒಂದು ಸಂಬಂಧ ತಪ್ಪಿತು, ಕಪ್ಪು ಅಂತ ಇನ್ನೊಂದು. ಇದೂ ತಪ್ಪಿದರೆ ಮುಂದೆ ಬರುವುದು ಎರಡನೇ ಮದುವೆಯ ಗಂಡುಗಳು ಅಂತ ಮದುವೆ ಕೂಡಿಸುವವನು ಬಾಯಿಬಿಟ್ಟೇ ಹೇಳಿದ್ದ. ಮೇಲಾಗಿ ಹುಡುಗನ ತಾಯಿ ಕಾಳಮ್ಮನಿಗೆ ಶಕುನದ ಹುಚ್ಚು. ಹಿಂದೆ ಒಂದು ಮನೆಗೆ ಹೆಣ್ಣು ನೋಡಲು ಹೋಗಿದ್ದಾಗ ಉಪ್ಪಿಟ್ಟು ಬಡಿಸುವ ಹೊತ್ತಿಗೆ ದೀಪ ಆರಿತಂತೆ. ಆಕೆ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು ಬಸ್ಸಿಗೆ ಹೋದವಳು ಮತ್ತೆ ಆ ಕಡೆ ತಿರುಗಲಿಲ್ಲ. ಗಾಳಿಗೆ ದೀಪ ಆರಿದ್ದಕ್ಕೆ ಹೀಗೆ. ಇನ್ನು ಮಗ ನಂಬಿ ಬಿಟ್ಟುಹೋದ ಜೀವ ನಮ್ಮ ಮನೆಯಲ್ಲಿ ಸತ್ತರೆ?

ಪುಟ್ಟಸ್ವಾಮಿ ಬಂದು ಪಡಸಾಲೆಯಲ್ಲಿ, ಬೆಳಕು ಬೀಳುವ ಕಡೆ ಪೆಟ್ಟಿಗೆ ಇಟ್ಟ. ತಗಡಿನ ಚೌಕಟ್ಟು, ನಾಲ್ಕು ಕಡೆ ಗಾಜು. ತಳಕ್ಕೆ ತೊಳೆದ ಹೊಳೆ ಮರಳು ಹರಡಿ, ಒಂದೊಂದೇ ಗಿಡವನ್ನು ಸಸಿ ನಾಟಿ ಮಾಡಿದಂತೆ ನೆಟ್ಟ. ನೀರು ಬಿಟ್ಟ. ಕಡೆಗೆ ಒಂದು ಕ್ಯಾನಿನಿಂದ ಸೀಗಡಿ ಬಿಟ್ಟ. ನಾವು ಸಾರಿಗೆ ಹಾಕುವ ಜಾತಿಯದಲ್ಲ. ಕಣ್ಣಿಗೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ, ಅಷ್ಟು ಸಣ್ಣವು, ನೀರಿನ ಬಣ್ಣದವು.

ನಮ್ಮ ಯಜಮಾನರು ಬಗ್ಗಿ ನೋಡಿ, ಹುಡುಗ ಕೈ ತೊಳೆಯಲು ಹೋದಾಗ ನನ್ನ ಕಿವಿಯಲ್ಲಿ ಕೇಳಿದರು. "ಇದುನ್ನ ಸಾಕದಾ, ಸಾರು ಮಾಡದಾ?"

"ಸಾಕೋದು."

"ಸಾಕಿ?"

ಲಾರಿಯವನು ಕಾಯುತ್ತಿದ್ದಾನೆ, ಹೋಗಿ ಅಂದೆ.

ನಮ್ಮ ಕಡೆ ಆಗ ಅತ್ತೆಯಾಗುವವಳು ಅಳಿಯನ ಎದುರು ನಿಂತು ಮಾತಾಡುವ ಹಾಗಿರಲಿಲ್ಲ. ಬಾಗಿಲ ಹಿಂದೆ ನಿಂತು ಗೋಡೆಗೆ ಹೇಳಿದ ಹಾಗೆ ಹೇಳಬೇಕು. ಅವನು ಕಂಬಕ್ಕೆ ಹೇಳಿದ ಹಾಗೆ ಉತ್ತರ ಕೊಡಬೇಕು. ಮದುವೆ ಗೊತ್ತಾದ ಹುಡುಗಿಯಂತೂ ಅವನ ಜೊತೆಯೂ ಮಾತಾಡಬಾರದು, ಅವನ ವಿಷಯವೂ ಮಾತಾಡಬಾರದು. ಯಜಮಾನರು ಲಾರಿಯವನನ್ನು ಕಳಿಸಲು ಹೋಗಿದ್ದರು. ಸರೋಜ ಟವೆಲು ಕೊಡಲು ಹೋದವಳು ಅಲ್ಲೇ ನಿಂತಳು. ಇವನ ತುಟಿ ಆಡುತ್ತಿದೆ, ಬೆರಳು ಪೆಟ್ಟಿಗೆಯ ಕಡೆ ತೋರಿಸುತ್ತಿದೆ, ಇವಳು ತಲೆ ಆಡಿಸುತ್ತಿದ್ದಾಳೆ. ಪಕ್ಕದ ಮನೆಯ ಕಿಟಕಿ ಬೇರೆ ತೆರೆದಿತ್ತು. "ಸರೋಜಾ, ಹಾಲು ಉಕ್ತದೆ" ಅಂತ ಕೂಗಿದೆ. ಒಲೆಯ ಮೇಲೆ ಹಾಲಿರಲಿಲ್ಲ.

ಹೊರಡುವಾಗ ಅವನು ಕಂಬದ ಕಡೆ ತಿರುಗಿ, ಹೆಚ್ಚಿಗೆ ಏನೂ ಮಾಡುವುದು ಬೇಡ, ಎಲ್ಲಾ ಹೇಳಿದ್ದೀನಿ ಅಂದ. ಬೇಡ ಅನ್ನುವುದು ಊಟಕ್ಕೆ ಕೂತ ಅಳಿಯಂದಿರ ಮರ್ಯಾದೆ. ಅವರು ಬೇಡ ಅಂದ ಮೇಲೂ ಇನ್ನೊಂದು ಮುದ್ದೆ ಹಾಕುವುದು ಅತ್ತೆಯ ಮರ್ಯಾದೆ. ಆಯಿತಪ್ಪಾ ಅಂತ ಗೋಡೆಗೆ ಹೇಳಿದೆ. ಮನಸ್ಸಿನಲ್ಲಿ, ನೋಡ್ತಿರು ಹೇಗೆ ಬೆಳೆಸ್ತೀನಿ, ಅಂದುಕೊಂಡೆ.

ಒಂದು ವಾರ ಕಳೆದಿರಬೇಕು. ಗಿಡದ ಎಲೆಗಳ ಅಂಚು ಹಳದಿಯಾಯಿತು. ಆಮೇಲೆ ಎಲೆ ತೆಳ್ಳಗಾಗಿ, ಬೆಂದ ಸೊಪ್ಪಿನ ಹಾಗೆ ಕರಗತೊಡಗಿತು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತು ಪರೀಕ್ಷೆ ಮಾಡಿದೆ. ರೋಗ ಕಂಡುಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬರೀ ಮರಳು! ಮರಳಿನಲ್ಲಿ ಯಾವ ಬೆಳೆ ಬರುತ್ತದೆ? ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಇಷ್ಟೂ ತಿಳಿಯದಲ್ಲ ಅಂತ ಮರುಕ ಹುಟ್ಟಿತು. ತಿಪ್ಪೆಯ ತಳದಿಂದ ಚೆನ್ನಾಗಿ ಕಳಿತ ಗೊಬ್ಬರ ತೆಗೆದು, ಜರಡಿ ಹಿಡಿದು, ನೀರು ಮುಟ್ಟಿಸಿ ಗೋಲಿ ಗಾತ್ರದ ಉಂಡೆ ಕಟ್ಟಿದೆ. ಒಂದೊಂದು ಗಿಡದ ಬುಡಕ್ಕೂ ಒಂದೊಂದು ಉಂಡೆ ಒತ್ತಿದೆ. ಸೊರಗಿದ ಗಿಡಕ್ಕೆ ಎರಡೆರಡು.

"ಅವ್ವಾ, ಅವರು ಹೇಳಿದ್ರು, ಎಲೆ ಕರಗಿದ್ರೂ..." ಅಂತ ಸರೋಜ ಶುರು ಮಾಡಿದಳು.

"ಯಾರು ಅವರು?"

ಅವಳು ಕೆಂಪಾದಳು.

"ಅವರು ಇವರು ಅನ್ನದೆಲ್ಲ ತಾಳಿ ಬಿದ್ಮೇಲೆ ಇಟ್ಕೊ. ಈಗ ಒಳಗೋಗಿ ಕಾಯಿ ತುರಿ."

ಮಾರನೆಯ ದಿನ ನೀರು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತು. ಅದರ ಮಾರನೆಯ ದಿನ ವಾಸನೆ ಶುರುವಾಯಿತು. ಸೀಗಡಿಗಳು ತಳ ಬಿಟ್ಟು ಮೇಲಕ್ಕೆ ಬಂದು, ನೀರಿನಂಚಿಗೆ ಮೂತಿಯಿಟ್ಟು ಗಾಜಿಗೆ ಅಂಟಿಕೊಂಡವು. ಗೊಬ್ಬರದ ಸತ್ವ ತಿಂದು ಚುರುಕಾಗಿವೆ ಅಂದುಕೊಂಡೆ. ಸಂಜೆಗೆ ಒಂದಷ್ಟು ಬೆನ್ನು ಕೆಳಗೆ ಮಾಡಿ ಮಲಗಿದವು. ಬದುಕಿದ್ದಾಗ ನೀರಿನ ಬಣ್ಣವಿದ್ದವು ಸತ್ತ ಮೇಲೆ ಕೆಂಪಗೆ ಚೆನ್ನಾಗಿ ಕಾಣುತ್ತಿದ್ದವು. ನನ್ನ ಕಣ್ಣಿಗೆ ಪೂರ್ತಿಯಾಗಿ ಬಿದ್ದದ್ದೇ ಆಗ. ಅವುಗಳ ಅಂತ್ಯಕ್ರಿಯೆಯನ್ನು ನಮ್ಮ ಕೋಳಿಗಳು ಸಕಲ ಗೌರವದಿಂದ ನೆರವೇರಿಸಿದವು.

ಮಂಡಿಯಿಂದ ಬಂದ ಯಜಮಾನರು ಮೂಗಿಗೆ ಪಂಚೆಯಂಚು ಹಿಡಿದು, ತಿಪ್ಪೆಗುಂಡಿ ಒಳಗೆ ಯಾವಾಗ ಬಂತು ಅಂತ ಕೇಳಿದರು. ಹಪ್ಪಳದ ಹಿಟ್ಟು ಕುಟ್ಟಿಸಬೇಕು, ಗೋಡೆಗೆ ಸುಣ್ಣ ಹೊಡೆಸಬೇಕು, ಸಾಲದ್ದಕ್ಕೆ ಇವುಗಳ ಸಾವು ಬೇರೆ. ಒಂದು ಮನೆಯಲ್ಲಿ ಒಬ್ಬಳೇ ಹೆಂಗಸು ಎಷ್ಟು ಅಂತ ನೋಡಿಕೊಳ್ಳುತ್ತಾಳೆ?

ಆದರೂ ಕೈಬಿಡಲಿಲ್ಲ. ಕೈಬಿಟ್ಟಿದ್ದರೆ ಚೆನ್ನಾಗಿತ್ತು. ಮಳೆಗಾಲದಲ್ಲಿ ಬಗ್ಗಡದ ನೀರು ತಿಳಿಯಾಗಲು ನಾವು ಚಿಲ್ಲದ ಬೀಜ ತೇಯುತ್ತೇವೆ. ಬೀಜವನ್ನು ಕೊಡದ ಒಳಮೈಗೆ ನಾಲ್ಕು ಸುತ್ತು ತೇದರೆ ಕೆಸರು ತಳಕ್ಕೆ ಕೂರುತ್ತದೆ. ನಾಲ್ಕು ಸುತ್ತು ಒಂದು ಕೊಡಕ್ಕೆ. ಪೆಟ್ಟಿಗೆಯಲ್ಲಿ ಎಷ್ಟೋ ಕೊಡ ನೀರಿದೆ ಅಂತ ಲೆಕ್ಕ ಹಾಕಿ ಬೀಜಗಳನ್ನೆಲ್ಲ ಸವೆಯುವವರೆಗೂ ತೇದೆ. ಕೆಸರೇನೋ ಕೂತಿತು. ಎಲ್ಲಿ ಕೂತಿತು ಅಂದರೆ ಗಿಡಗಳ ಮೇಲೆ ಕೂತಿತು, ಸೀಗಡಿಗಳ ಮೇಲೆ ಕೂತಿತು. ಗಂಜಿಯಲ್ಲಿ ಅದ್ದಿ ತೆಗೆದ ಬಟ್ಟೆಯ ಹಾಗೆ ಅವು ಬಿರುಸಾಗಿ ನಿಂತುಬಿಟ್ಟವು.

ಸರೋಜ ಮತ್ತೆ ಬಾಯಿ ತೆರೆದಳು. ನಾನು ತಿರುಗಿ ನೋಡಿದೆ. ಮುಚ್ಚಿಕೊಂಡಳು. ಅಷ್ಟರಮಟ್ಟಿಗೆ ಒಳ್ಳೆಯ ಹುಡುಗಿ.

ಇನ್ನು ಉಳಿದದ್ದು ಒಂದೇ ದಾರಿ. ಮೊದಲಿನಿಂದ ಶುರು ಮಾಡುವುದು. ಉಳಿದ ಸೀಗಡಿಗಳನ್ನು ಒಂದು ಬೋಸಿಗೆ ಹಿಡಿದು ಹಾಕಿ, ನೀರೆಲ್ಲ ಚೆಲ್ಲಿಸಿದೆ. ಗಿಡಗಳನ್ನು ಕಿತ್ತು, ಸೊಪ್ಪು ತೊಳೆದ ಹಾಗೆ ಬೇರು ಸಹಿತ ಉಜ್ಜಿ ತೊಳೆದೆ. ಗಾಜಿಗೆ ಒಲೆಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಹಿತ್ತಾಳೆ ಕೊಳಗ ತಿಕ್ಕುವ ಕೈ ಇದು, ಗಾಜು ಲೆಕ್ಕವೇ? ಬಾವಿಯಿಂದ ಆಗ ತಾನೇ ಸೇದಿದ ತಣ್ಣನೆಯ ನೀರು ತುಂಬಿ, ಗಿಡ ನೆಟ್ಟು, ಸೀಗಡಿಗಳನ್ನು ಬಿಟ್ಟೆ. ಬಿಸಿ ಕಾವಲಿಯ ಮೇಲೆ ಬಿದ್ದ ಸಾಸಿವೆಯಂತೆ ಒಮ್ಮೆ ಸಿಡಿದವು. ಆಮೇಲೆ ಬಹುಪಾಲು ಸುಮ್ಮನಾದವು. ಗಾಜು ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ಸತ್ತವರು ಬೀದಿಯಿಂದಲೇ ಕಾಣುತ್ತಿದ್ದರು.

ಈ ಹೊತ್ತಿಗೆ ರಾಮನಾಥಪುರದಿಂದ ನಂಜಕ್ಕ ಬಂದಳು. ಯಜಮಾನರ ಅಕ್ಕ. ಮದುವೆಗೆ ಸಂಡಿಗೆ ಇಡಲು ಬಂದವಳು. ಅವಳು ಬಂದರೆ ಮೊದಲು ಹೊಗೆಸೊಪ್ಪಿನ ಗಾಟು ಒಳಗೆ ಬರುತ್ತದೆ, ಹಿಂದೆ ಅವಳು ಬರುತ್ತಾಳೆ. ಬಲಗೆನ್ನೆಯಲ್ಲಿ ಒಂದು ಉಂಡೆ ಸದಾ ಇರುತ್ತದೆ. ಅವಳೂ ಪೆಟ್ಟಿಗೆಯ ಮುಂದೆ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಅಳಿದುಳಿದ ಒಂದು ಎಲೆಯ ಹಿಂಭಾಗ ತೋರಿಸಿದಳು. ರಾಗಿ ಕಾಳಿಗಿಂತ ಸಣ್ಣ ಚುಕ್ಕಿಗಳು, ಜೀವ ಇರುವಂತೆ ಹರಿದಾಡುತ್ತಿದ್ದವು.

"ಹೇನು ಕಣಮ್ಮಿ. ಗಿಡುಕ್ಕೆ ಹೇನು ಬಿದ್ದದೆ. ಅದುಕ್ಕೇ ನಿನ್ನ ಗೊಬ್ರ ಹತ್ತಿಲ್ಲ."

ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ತಪ್ಪು ನನ್ನದಲ್ಲ, ಹೇನಿನದು! ಅವರೆಗೆ ಹೇನು ಬಿದ್ದರೆ ಮಾಡುವ ಮದ್ದು ನಮಗಿಬ್ಬರಿಗೂ ಗೊತ್ತಿತ್ತು. ಹೊಗೆಸೊಪ್ಪನ್ನು ಕುದಿಸಿ, ಸೋಸಿ, ಆ ನೀರು ಚಿಮುಕಿಸುವುದು. ಸರಕು ನಂಜಕ್ಕನ ಚೀಲದಲ್ಲೇ ಇತ್ತು, ಅದೂ ಆ ಸಲದ ಒಳ್ಳೆ ಎಲೆ. ಆದರೂ ನನಗೆ ಒಂದು ಅನುಮಾನ ಬಂತು. ಬರಲಿಲ್ಲ ಅಂತ ಹೇಳುವುದಿಲ್ಲ.

"ಅಕ್ಕಾ, ಸೀಗಡಿಗೇನಾರ ಆದ್ರೆ?"

"ನಾನು ಮೈನೆರೆಯಕ್ಕೆ ಮುಂಚಿಂದ ತಿಂತಾ ಇವ್ನಿ. ನಂಗೇನಾಗದೆ?"

ಇದಕ್ಕೆ ಎದುರು ಹೇಳುವುದು ಏನಿತ್ತು? ಅವಳು ಗಟ್ಟಿಮುಟ್ಟಾಗಿ ಎದುರಿಗೇ ಕೂತಿದ್ದಳು. ಒಂದು ಚೊಂಬು ಕಷಾಯ ಆರಿಸಿ ಹುಯ್ದೆವು. ನಂಜಕ್ಕ ಹಿತ್ತಲಿಗೆ ಹೋಗಿ ಉಗಿದು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಹೇನು ಸತ್ತಿತ್ತು. ಸೀಗಡಿಯೂ ಸತ್ತಿತ್ತು. ಎರಡು ದಿನಕ್ಕೆ ಗಿಡವೂ ಸತ್ತಿತು. ಈ ಸಲ ಕೋಳಿಗಳು ಕೂಡ ಹತ್ತಿರ ಬಂದು ಮೂಸಿ, ತಲೆ ಕೊಡವಿ ಹೊರಟುಹೋದವು.

ಸರೋಜ ಅತ್ತಳು. ಶಬ್ದ ಮಾಡದೆ, ಸಂಡಿಗೆ ಹಿಟ್ಟು ತಿರುವುತ್ತಾ ಅತ್ತಳು. ಸೀಗಡಿಗೆ ಅತ್ತಳೋ ಹುಡುಗನಿಗೆ ಅತ್ತಳೋ ನಾನು ಕೇಳಲಿಲ್ಲ. ನನಗೂ ಆ ದಿನ ಊಟ ಸೇರಲಿಲ್ಲ.

ಹೀಗಿರುವಾಗ ಅರಕಲಗೂಡು ಕಡೆಯ ನಂಟರೊಬ್ಬರು ಸಂತೆಗೆ ಬಂದವರು ಯಜಮಾನರಿಗೆ ಸುದ್ದಿ ಮುಟ್ಟಿಸಿದರು. ಗುರುವಾರ ಒಳ್ಳೆಯ ದಿನವಂತೆ, ಕಾಳಮ್ಮನೂ ಮಗನೂ ಲಗ್ನದ ದಿನ ಗೊತ್ತು ಮಾಡಲು ಬರುತ್ತಾರಂತೆ. ಆ ದಿನ ಮಂಗಳವಾರ.

ನಡುಮನೆಯಲ್ಲಿ ತುರ್ತು ಸಭೆ ಸೇರಿತು. ನಂಜಕ್ಕ ಅಧ್ಯಕ್ಷತೆ ವಹಿಸಿದಳು. ನಿಜ ಹೇಳಿಬಿಡುವುದು ಅಂತ ಯಜಮಾನರು ಸೂಚಿಸಿದರು. ಯಾರೂ ಅನುಮೋದಿಸಲಿಲ್ಲ. ಹೊಸ ಸೀಗಡಿ ತಂದು ಬಿಡುವುದು, ಕೆರೆಯಿಂದ ಹೊಸ ಗಿಡ ತಂದು ನೆಡುವುದು, ಬಾಯಿ ಮುಚ್ಚಿಕೊಂಡಿರುವುದು ಅಂತ ತೀರ್ಮಾನವಾಯಿತು. ಬುಧವಾರ ಬೆಳಿಗ್ಗೆ ಯಜಮಾನರನ್ನು ಹೊಳೆನರಸೀಪುರದ ಬಸ್ಸು ಹತ್ತಿಸಿದೆ. ಅಲ್ಲಿ ಹೇಮಾವತಿಯಲ್ಲಿ ಬಲೆ ಬಿಡುವವರಿಂದ ಜೀವಂತ ಸೀಗಡಿ ತರಬೇಕು, ಸಣ್ಣವು ಇರಬೇಕು, ಗಡಿಗೆಯಲ್ಲಿ ನೀರಿನ ಸಮೇತ ತರಬೇಕು ಅಂತ ಹೇಳಿ ಕಳಿಸಿದೆ. ನಾನು ಕುಡುಗೋಲು ತೆಗೆದುಕೊಂಡು ಕೆರೆಗೆ ಹೋದೆ.

ಗಂಡಸರಿಗೆ ಮೂರು ಮಾತು ಹೇಳಿದರೆ ಒಂದು ನೆನಪಿರುತ್ತದೆ. ಇವರಿಗೆ ಜೀವಂತ ಅನ್ನುವುದು ನೆನಪಿತ್ತು. ಸಣ್ಣವು ಸಿಕ್ಕಿದರೂ ಬಿಟ್ಟು, ವ್ಯಾಪಾರಿಯ ಬುದ್ಧಿ ನೋಡಿ, ಒಳ್ಳೆಯ ದಪ್ಪ ದಪ್ಪನೆಯವನ್ನೇ ಆರಿಸಿ ತಂದಿದ್ದರು. ಒಂದೊಂದೂ ಬೆರಳುದ್ದ, ಅದಕ್ಕಿಂತ ಉದ್ದ ಎರಡು ಕೊಂಡಿ ತೋಳು. ಬಸ್ಸಿನಲ್ಲಿ ಒಂದು ಗಡಿಗೆಯಿಂದ ಹೊರಗೆ ಬಂದು ಯಾರದೋ ಜಡೆ ಹಿಡಿದುಕೊಂಡಿತಂತೆ, ಕಂಡಕ್ಟರು ಇವರನ್ನು ಉಳಿದ ದಾರಿಯೆಲ್ಲ ಬಾಗಿಲಲ್ಲೇ ನಿಲ್ಲಿಸಿದನಂತೆ. ಇಷ್ಟೆಲ್ಲ ಪಟ್ಟು ತಂದ ಗಡಿಗೆಯನ್ನು ಅಡುಗೆಮನೆಯಲ್ಲಿಟ್ಟು ಅವರು ಕಾಲು ತೊಳೆಯಲು ಹೋದರು.

ನಾನು ಕೆರೆಯಿಂದ ಬರುವಾಗ ಬೀದಿಯ ತಿರುವಿಗೇ ಮಸಾಲೆಯ ಘಮ ಬಂತು. ಪಾಪ, ನಂಜಕ್ಕನಿಗೆ ಏನು ಗೊತ್ತು? ತಮ್ಮ ದೂರದಿಂದ ಸೀಗಡಿ ತಂದಿದ್ದಾನೆ, ನಾಳೆ ಬೀಗರು ಬರುತ್ತಾರೆ, ಸಾರನ್ನು ಇಂದೇ ಇಟ್ಟರೆ ನಾಳೆಗೆ ರುಚಿ ಕೂರುತ್ತದೆ ಅಂತ ಬಿಡಿಸಿ ಹಾಕಿದ್ದಳು. ನಿನ್ನೆ ಸಭೆಯ ಅಧ್ಯಕ್ಷತೆ ವಹಿಸಿದ್ದವಳು ನೀನೇ ಅಲ್ಲವೇ ಅಂದೆ. ಅದು ಸಾಕುವ ಸೀಗಡಿ ಕಣಮ್ಮಿ, ಇದು ತಿನ್ನುವ ಸೀಗಡಿ, ಕಣ್ಣಿಲ್ಲವಾ ನನಗೆ, ಅಂದಳು. ಅದೂ ಸರಿಯೇ. ಒಲೆಗೆ ಹೋಗದೆ ಉಳಿದವನ್ನು ಪೆಟ್ಟಿಗೆಗೆ ಬಿಟ್ಟು, ಕೆರೆಯ ಗಿಡ ನೆಟ್ಟು, ಬುಡಕ್ಕೆ ಕಲ್ಲು ಕಟ್ಟಿ ಮಲಗಿದೆ. ಸೊಂಟ ನನ್ನದಾಗಿರಲಿಲ್ಲ.

ಬೆಳಿಗ್ಗೆ ನೋಡಿದರೆ ಒಂದು ಗಿಡವೂ ನೆಟ್ಟಗಿರಲಿಲ್ಲ. ಆ ಕೊಂಡಿಯವರು ಎಲ್ಲವನ್ನೂ ಬುಡಸಹಿತ ಎಳೆದು, ಕತ್ತರಿಸಿ, ನೀರಿನ ಮೇಲೆ ತೇಲಿಬಿಟ್ಟಿದ್ದರು. ತಾವು ತಾವೇ ಬಡಿದಾಡಿಕೊಂಡು ತೋಳು ಕಾಲು ಕಳೆದುಕೊಂಡಿದ್ದರು. ಕಡೆಗೆ ಬದುಕಿದ್ದದ್ದು ಒಂದೇ. ಅದು ನನ್ನನ್ನು ನೋಡಿ ಎರಡೂ ಕೊಂಡಿ ಎತ್ತಿ ನಿಂತಿತು. ಬಸ್ಸು ಬರುವ ಹೊತ್ತಾಗಿತ್ತು. ಪೆಟ್ಟಿಗೆಯ ಮೇಲೆ ಒಂದು ಒಗೆದ ದುಪ್ಪಟಿ ಹೊದಿಸಿದೆ. ಅದರ ಮೇಲೆ ಎಲೆ ಅಡಿಕೆ ತಟ್ಟೆ ಇಟ್ಟೆ.

ಕಾಳಮ್ಮನೂ ಪುಟ್ಟಸ್ವಾಮಿಯೂ ಬಂದರು. ಕಾಲಿಗೆ ನೀರು ಕೊಟ್ಟದ್ದಾಯಿತು, ಚಾಪೆಯ ಮೇಲೆ ಕೂರಿಸಿದ್ದಾಯಿತು. ನಾನು ಬಾಗಿಲ ಹಿಂದೆ ನನ್ನ ಜಾಗದಲ್ಲಿ ನಿಂತೆ. ಹುಡುಗನ ಕಣ್ಣು ದುಪ್ಪಟಿಯ ಮೇಲೇ ಇತ್ತು. ಪೆಟ್ಟಿಗೆ ಯಾಕೆ ಮುಚ್ಚಿದೆ ಅಂತ ಕಂಬವನ್ನು ಕೇಳಿದ. ಸೊಳ್ಳೆ ಅಂತ ನಾನು ಗೋಡೆಗೆ ಹೇಳಿದೆ. ಸೀಗಡಿಗೆ ಸೊಳ್ಳೆ ಕಚ್ಚುವುದಿಲ್ಲ ಅಂದ. ದೃಷ್ಟಿಯಾಗುತ್ತದೆ ಅಂತ ಹೇಳಿ ಅಂತ ನಾನು ಯಜಮಾನರಿಗೆ ಹೇಳಿದೆ. ಅವರಿಗೆ ಅಷ್ಟೊತ್ತಿಗೆ ಸಾಕಾಗಿತ್ತು. ಎದ್ದು ತಟ್ಟೆ ಇಳಿಸಿ ದುಪ್ಪಟಿ ತೆಗೆದೇಬಿಟ್ಟರು.

ಪುಟ್ಟಸ್ವಾಮಿ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಳಗಿದ್ದ ಆ ಒಂದು ಸೀಗಡಿ ಕೊಂಡಿ ಎತ್ತಿತು.

"ಇದು ನನ್ನದಲ್ಲ" ಅಂದ.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಮರ್ಯಾದೆಯೆಲ್ಲ ಹೋದ ಮೇಲೆ ಬಾಗಿಲ ಹಿಂದೆ ನಿಂತು ಮಾಡುವುದೇನು? ಗೊಬ್ಬರ ಇಟ್ಟದ್ದು, ಬೀಜ ತೇದದ್ದು, ಬೂದಿ ಹಾಕಿ ತಿಕ್ಕಿದ್ದು, ಹೊಗೆಸೊಪ್ಪಿನ ಕಷಾಯ ಹುಯ್ದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹುಡುಗ ಕೇಳುತ್ತಾ ಕೇಳುತ್ತಾ ಬಿಳಚಿಕೊಂಡ. ಹೊಗೆಸೊಪ್ಪು ಯಾಕೆ ಅಂತ ಕೇಳಿದ. ಎಲೆಯ ಹಿಂದೆ ಹೇನಿತ್ತಪ್ಪಾ, ರಾಗಿಗಿಂತ ಸಣ್ಣದು, ಅಂದೆ.

"ಅತ್ತೆ, ಅದು ಹೇನಲ್ಲ. ಸೀಗಡಿ ಮರಿಗಳು."

ಇಷ್ಟು ಹೊತ್ತು ಸುಮ್ಮನೆ ಎಲೆ ಅಗಿಯುತ್ತಿದ್ದ ಕಾಳಮ್ಮ ಅಗಿಯುವುದನ್ನು ನಿಲ್ಲಿಸಿದಳು. "ಮರಿಗುಳಾ" ಅಂದಳು. ಆಮೇಲೆ ಸೆರಗು ಕೊಡವಿದಳು.

"ಏಳು ಮಗ. ತಾಯಿ ಮರಿ ಒಂದೂ ಉಳೀದ ಮನೆ. ಹೊತ್ತು ಮೀರಕ್ಕೆ ಮುಂಚೆ ಹೊರಟ್ಬುಡಾವ."

ಯಜಮಾನರು ಕೂತಲ್ಲೇ ಕೂತಿದ್ದರು. ಹೆತ್ತ ಮಗಳನ್ನು ಗೊಬ್ಬರದ ಉಂಡೆಯಿಂದ ಮೂಲೆಗೆ ಕೂರಿಸಿದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು ಅನ್ನಿಸಿತು. ಆಗ ಸರೋಜ ಅಡುಗೆಮನೆಯಿಂದ ಬಂದಳು. ತಲೆ ತಗ್ಗಿಸಿರಲಿಲ್ಲ. ನನ್ನನ್ನೂ ನೋಡಲಿಲ್ಲ, ಅವನ ತಾಯಿಯನ್ನೂ ನೋಡಲಿಲ್ಲ. ನೇರ ಅವನ ಮುಂದೆ ನಿಂತಳು.

"ಹಳೇ ಎಲೆ ಕರಗ್ತವೆ, ಹೆದರ್ಕೋಬೇಡಿ, ಬೇರು ಹಿಡಿದ ಮೇಲೆ ಹೊಸ ಎಲೆ ಬತ್ತವೆ ಅಂದ್ರಿ. ಒಂದು ತಿಂಗಳು ಯಾರೂ ಕೈ ಹಾಕಬೇಡಿ ಅಂದ್ರಿ. ನೀರು ಚೊಂಬಿನಷ್ಟು ಮಾತ್ರ ಬದಲಾಯಿಸಿ ಅಂದ್ರಿ. ನನಗೆ ಮರೆತಿಲ್ಲ. ಹೇಳಕ್ಕೋದ್ರೆ ನಿಮ್ಮ ಮಾತು ಆಡಬಾರದು ಅಂತಾರೆ. ಇದುನ್ನ ನೀವು ಅವ್ವನಿಗೇ ಹೇಳಿದ್ರೆ ಗಂಟೇನು ಹೋಗ್ತಿತ್ತು?"

ಹುಡುಗ ಎದ್ದು ನಿಂತ. ಮೇಷ್ಟರನ್ನು ಆ ಥರ ಕೇಳಿದವರು ಹಿಂದೆ ಯಾರೂ ಇರಲಿಲ್ಲ ಅಂತ ಕಾಣುತ್ತದೆ.

"ಹಿತ್ತಲಿಗೆ ಬನ್ನಿ" ಅಂದಳು.

ಅವನು ಹೋದ. ಮಗ ಹೋದದ್ದಕ್ಕೆ ಕಾಳಮ್ಮ ಹೋದಳು, ಅವಳ ಹಿಂದೆ ನಾವು ಹೋದೆವು. ತೆಂಗಿನ ಮರದ ಬುಡದಲ್ಲಿ ದನಕ್ಕೆ ಕಲಗಚ್ಚು ಹುಯ್ಯುತ್ತಿದ್ದ ಹಳೇ ಕಲ್ಲುಬಾನಿ ಒಂದಿತ್ತು. ಅಂಚು ಒಡೆದದ್ದಕ್ಕೆ ಮೂಲೆಗೆ ತಳ್ಳಿದ್ದೆವು. ಸರೋಜ ಮೇಲಿದ್ದ ತೆಂಗಿನ ಗರಿ ಸರಿಸಿದಳು. ನಾನು ಗೊಬ್ಬರ ಇಟ್ಟ ದಿನವೇ ಇವಳು ಎರಡು ಗಿಡ ಕಿತ್ತು, ಕೈಗೆ ಸಿಕ್ಕ ನಾಲ್ಕಾರು ಸೀಗಡಿ ಹಿಡಿದು ತಂದು ಇದರಲ್ಲಿ ಬಿಟ್ಟಿದ್ದಾಳೆ. ಗಿಡಗಳಲ್ಲಿ ಒಂದು ಸತ್ತಿತ್ತು. ಇನ್ನೊಂದರ ಹಳೇ ಎಲೆ ಕರಗಿಹೋಗಿ, ನಡುವಿನಿಂದ ಬೆರಳಿನಷ್ಟು ಎಳೆ ಚಿಗುರು ಬಂದಿತ್ತು. ಅದರ ಮೇಲೆ ಸೀಗಡಿ ಕೂತಿದ್ದವು. ಏನೂ ಮಾಡದೆ, ಯಾರೂ ಕೇಳದೆ, ಅವುಗಳ ಪಾಡಿಗೆ ಅವು ಇದ್ದವು.

ಪುಟ್ಟಸ್ವಾಮಿ ಬಾನಿಯ ಮೇಲೆ ಬಗ್ಗಿದ. ಅವಳೂ ಬಗ್ಗಿದಳು. ಇಬ್ಬರ ತಲೆಯೂ ಒಂದಕ್ಕೊಂದು ತಾಗುವಷ್ಟು ಹತ್ತಿರವಿತ್ತು, ಯಾರಿಗೂ ತಡೆಯಬೇಕು ಅನ್ನಿಸಲಿಲ್ಲ. ಇದರ ಹೊಟ್ಟೆ ನೋಡು, ಮೊಟ್ಟೆ ಹೊತ್ತಿದೆ ಅಂತ ಅವನು ತೋರಿಸುತ್ತಿದ್ದ. ಮೊನ್ನೆಯೇ ನೋಡಿದೆ ಅಂತ ಅವಳು ಹೇಳುತ್ತಿದ್ದಳು. ಕಾಳಮ್ಮ ಮಗನ ಭುಜ ಹಿಡಿದು ಸರಿಸಿ ತಾನೂ ಇಣುಕಿದಳು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಬಸುರಿ ಕಣ್ಲಾ ಇದು" ಅಂದಳು.

ಹೌದು ಅಂದ.

"ಬಸುರಿ ಜೀವ ಇರೋ ಮನೆಯಿಂದ ಬರಿಗೈಲಿ ಎದ್ದೋಗಕ್ಕಾಯ್ತದಾ. ನಡಿ ಒಳಕ್ಕೆ."

ಅಷ್ಟೇ. ಶಕುನಕ್ಕೆ ಯಾವ ಕಡೆ ತಿರುಗಿದರೂ ಒಂದು ಮುಖ ಇರುತ್ತದೆ ಅಂತ ನನಗೆ ಆ ದಿನ ತಿಳಿಯಿತು. ಒಳಗೆ ಬಂದು ಕೂತು ಲಗ್ನದ ದಿನ ಗೊತ್ತು ಮಾಡಿದರು. ವರೋಪಚಾರದ ಮಾತು ಬರುತ್ತದೆ ಅಂತ ಯಜಮಾನರು ಎರಡು ದಿನದಿಂದ ಉತ್ತರ ಹೊಂದಿಸಿಕೊಂಡಿದ್ದರು. ಕಾಳಮ್ಮ ಎಲೆಗೆ ಸುಣ್ಣ ಸವರುತ್ತಾ, ನಮ್ಮದು ಹೆಚ್ಚಿಗೆ ಏನೂ ಕೇಳಿಕೆ ಇಲ್ಲ, ಒಂದು ಮಾತು ನಡೆಸಿಕೊಡಬೇಕು ಅಂದಳು. ಯಜಮಾನರು ನೆಟ್ಟಗೆ ಕೂತರು. ಕಾಳಮ್ಮ ನನ್ನ ಕಡೆ ತಿರುಗಿದಳು.

"ಮದುವೆಗಂಟ ನೀವು ಆ ಬಾನೀನ ಮುಟ್ಟಬ್ಯಾಡಿ ಬೀಗ್ರೇ."

ನಡೆಸಿಕೊಡುತ್ತೇವೆ ಅಂತ ಯಜಮಾನರು ನನ್ನನ್ನು ಕೇಳದೆಯೇ ಒಪ್ಪಿಕೊಂಡರು. ಎಲ್ಲರೂ ಊಟಕ್ಕೆ ಕೂತರು. ನಂಜಕ್ಕನ ಸೀಗಡಿ ಸಾರನ್ನು ಕಾಳಮ್ಮ ಎರಡು ಸಲ ಹಾಕಿಸಿಕೊಂಡಳು. ಹುಡುಗ ಮಾತ್ರ ಅದನ್ನು ಮುಟ್ಟದೆ ಮಜ್ಜಿಗೆಯಲ್ಲಿ ಉಂಡ. ಬೇಡ ಅಂದ. ಈ ಸಲ ನಾನು ಬಲವಂತ ಮಾಡಲಿಲ್ಲ. ಬಸ್ಸಿನ ಹೊತ್ತಾಗುವವರೆಗೂ ಅವನೂ ಸರೋಜಳೂ ಬಾನಿಯ ಹತ್ತಿರವೇ ಇದ್ದರು. ಪಕ್ಕದ ಮನೆಯ ಕಿಟಕಿ ತೆರೆದಿತ್ತು. ತೆರೆದಿರಲಿ ಅಂತ ಬಿಟ್ಟೆ. ಎದ್ದು ಹೋಗಿ ಕೂಗಲು ನನ್ನಲ್ಲಿ ಶಕ್ತಿಯೂ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಾಗಿಲಿಗೆ ಸಗಣಿ ನೀರು ಹಾಕಿ, ರಂಗೋಲಿ ಬಿಟ್ಟು, ಹಿತ್ತಲಿಗೆ ಬಂದೆ. ಸರೋಜ ಬಾನಿಯ ಮುಂದೆ ಕಾವಲು ಕೂತಿದ್ದಳು. ನಾನು ಆ ಕಡೆ ನೋಡಿದ್ದಕ್ಕೇ, ಅವ್ವಾ, ಅಂದಳು. ನಾನೇನೂ ಮಾಡಲು ಹೋಗಿರಲಿಲ್ಲ. ಒಂದು ಒಣ ಎಲೆ ಬಿದ್ದಿತ್ತು, ತೆಗೆಯೋಣ ಅಂತಿದ್ದೆ, ಅಷ್ಟೇ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೊಟ್ಟಿಗೆಗೆ ಹೋಗಿ, ಎಮ್ಮೆಯ ಹಗ್ಗ ಬಿಚ್ಚಿ, ಬಾವಿಯ ಹತ್ತಿರ ಕಟ್ಟಿ ಮೈ ತೊಳೆದೆ. ನಾರು ಹಾಕಿ ಹೊತ್ತೇರುವವರೆಗೂ ತಿಕ್ಕಿದೆ. ನಾನು ಎಷ್ಟು ತಿಕ್ಕಿದರೂ ಸಾಯದ ಪ್ರಾಣಿ ನಮ್ಮ ಮನೆಯಲ್ಲಿ ಅದೊಂದೇ ಇತ್ತು.